ಬಿದರಿ ಹೂದಾನಿ: ಹಳೆಯದೋ ಹೊಸದೋ ಅಂತ ನೋಡುವುದು ಹೇಗೆ?

ಬಿದರಿ ಕೆಲಸದ ಹೂದಾನಿ ಕೈಗೆ ಬಂದ ಕೂಡಲೇ ಎಲ್ಲರ ಕಣ್ಣೂ ಹೋಗುವುದು ಅದರ ಕಪ್ಪು ಬಣ್ಣದ ಮೇಲೆ. "ಎಷ್ಟು ಕಪ್ಪಗಿದೆ ನೋಡಿ, ಹಳೇ ಮಾಲು" ಅಂತ ಮಾರುವವರೂ ಹೇಳುತ್ತಾರೆ. ಆದರೆ ವಯಸ್ಸು ಹೇಳುವುದಕ್ಕೆ ಆ ಕಪ್ಪು ಪ್ರಯೋಜನಕ್ಕಿಲ್ಲ. ಅದನ್ನು ಯಾವಾಗ ಬೇಕಾದರೂ ಹೊಸದಾಗಿ ಬರಿಸಬಹುದು. ಇದು ಅರ್ಥವಾಗಬೇಕಾದರೆ ಮೊದಲು ಮಾಡುವ ಕ್ರಮ ಗೊತ್ತಿರಬೇಕು.

ಬಿದರಿ ಪಾತ್ರೆಯ ಮೈ ಸತುವಿನದು. ಅದಕ್ಕೆ ಸ್ವಲ್ಪ ತಾಮ್ರ ಬೆರೆಸುತ್ತಾರೆ. 16 ಪಾಲು ಸತುವಿಗೆ 1 ಪಾಲು ತಾಮ್ರ ಅನ್ನುವುದು ಸಾಮಾನ್ಯವಾಗಿ ಹೇಳುವ ಲೆಕ್ಕ. ಹಳೆಯವುಗಳಲ್ಲಿ ಸೀಸ, ತವರವೂ ಒಂದಿಷ್ಟು ಸಿಗುತ್ತವೆ. ಮಣ್ಣಿನ ಅಚ್ಚಿನಲ್ಲಿ ಎರಕ ಹೊಯ್ದು, ಅರದಿಂದ ಉಜ್ಜಿ ನುಣುಪು ಮಾಡುತ್ತಾರೆ. ಆಗ ಅದು ಬರೀ ಬೂದು ಬಣ್ಣ. ಮೈಲುತುತ್ತದ ನೀರು ಸವರಿದರೆ ತಾತ್ಕಾಲಿಕವಾಗಿ ಕಪ್ಪಾಗುತ್ತದೆ. ಆ ಕಪ್ಪಿನ ಮೇಲೆ ಗೀಚಿದ ಗೆರೆ ಎದ್ದು ಕಾಣುತ್ತದೆ, ಅದಕ್ಕೇ ಈ ಉಪಾಯ. ಗೆರೆಯ ಜಾಡಿನಲ್ಲಿ ಉಳಿಯಿಂದ ತೋಡಿ, ಬೆಳ್ಳಿಯ ತಂತಿಯನ್ನೋ ತಗಡನ್ನೋ ಬಡಿದು ಕೂರಿಸುತ್ತಾರೆ. ಮತ್ತೆ ಉಜ್ಜುತ್ತಾರೆ, ಕಪ್ಪು ಹೋಗುತ್ತದೆ. ಕೊನೆಗೆ ಬೀದರ್ ಕೋಟೆಯ ಹಳೆಯ ಮಣ್ಣಿಗೆ ನವಸಾಗರ ಎಂಬ ಲವಣ, ನೀರು ಸೇರಿಸಿ, ಹದವಾಗಿ ಬಿಸಿ ಮಾಡಿದ ಪಾತ್ರೆಗೆ ಹಚ್ಚುತ್ತಾರೆ. ಮೈಯೆಲ್ಲ ಕಡುಗಪ್ಪಾಗುತ್ತದೆ, ಬೆಳ್ಳಿ ಮಾತ್ರ ಹಾಗೇ ಬೆಳ್ಳಗೆ ಉಳಿಯುತ್ತದೆ. ಮೈ ಹೀಗೆ ಕಪ್ಪಾಗುವುದಕ್ಕೆ ಸತುವಿನಲ್ಲಿ ಸೇರಿರುವ ಆ ಚೂರು ತಾಮ್ರ ಬೇಕೇ ಬೇಕು.

200 ವರ್ಷದ ಪಾತ್ರೆಗೂ ಈ ಕೊನೆಯ ಹಂತವನ್ನು ಇವತ್ತು ಮತ್ತೆ ಮಾಡಬಹುದು ಅಲ್ವಾ? ಮಾಡುತ್ತಾರೆ ಕೂಡ. ಹಾಗಾಗಿ ಬಣ್ಣ ಬಿಟ್ಟು, ಮತ್ತೆ ಮಾಡಲಾಗದ್ದನ್ನು ನೋಡಬೇಕು: ಲೋಹ, ಕೊರೆತ, ತಳ.

ಲೋಹದಿಂದ ಶುರು ಮಾಡೋಣ. ಜೇಬಿನಲ್ಲಿ ಒಂದು ಸಣ್ಣ ಅಯಸ್ಕಾಂತ ಇಟ್ಟುಕೊಳ್ಳಿ. ಸತುವಿಗೆ ಅದು ಅಂಟುವುದಿಲ್ಲ. ಅಂಟಿತು ಅಂದರೆ ಅದು ಕಬ್ಬಿಣ ಅಥವಾ ಉಕ್ಕು. ಉಕ್ಕಿನ ಮೇಲೆ ಬೆಳ್ಳಿ, ಚಿನ್ನದ ತಂತಿ ಬಡಿಯುವ ಕೋಫ್ತ್‌ಗರಿ ಎಂಬ ಕೆಲಸ ಬೇರೆಯೇ ಇದೆ. ಅದೂ ಒಳ್ಳೆಯ ಕಲೆಯೇ, ಆದರೆ ಬಿದರಿ ಅಲ್ಲ. ಇನ್ನೊಂದು ಮೋಸ, ಹಿತ್ತಾಳೆಗೆ ಕಪ್ಪು ಪೇಂಟ್ ಬಳಿಯುವುದು. ತಳದ ಅಂಚು ಸವೆದ ಕಡೆ ನೋಡಿ. ಹಳದಿ ಇಣುಕಿದರೆ ಹಿತ್ತಾಳೆ, ಬೂದು ಕಂಡರೆ ಸತು. ಸತುವಿನ ಎರಕ ಪೆಡಸು. ಕೆಳಗೆ ಬಿದ್ದರೆ ಸೀಳು ಬಿಡುವುದೇ ಜಾಸ್ತಿ, ಹಿತ್ತಾಳೆ ಚೊಂಬಿನ ಹಾಗೆ ಸುಮ್ನೆ ನೆಗ್ಗಿ ಸುಧಾರಿಸಿಕೊಳ್ಳುವುದಿಲ್ಲ. ಕುತ್ತಿಗೆಯ ಬುಡದಲ್ಲಿ ಸಣ್ಣ ಸೀಳು ಇದೆಯಾ ಅಂತ ಬೆಳಕಿಗೆ ಹಿಡಿದು ನೋಡಿ.

ಈಗ ಕೊರೆತ. ನನಗೆ ಅತಿ ಹೆಚ್ಚು ನಂಬಿಕೆ ಇರುವುದು ಇದರ ಮೇಲೆ. ಒಡವೆ ಅಂಗಡಿಯವರು ಬಳಸುವ 10 ಪಟ್ಟು ದೊಡ್ಡದಾಗಿ ತೋರಿಸುವ ಲೆನ್ಸ್ ಸಾಕು. ಒಂದೇ ಹೂವು ಮೈ ಸುತ್ತ ಎಂಟು ಹತ್ತು ಸಲ ಬಂದಿರುತ್ತದೆ. ಎರಡು ಹೂವುಗಳನ್ನು ಆರಿಸಿಕೊಂಡು ಎಸಳಿಗೆ ಎಸಳು ಹೋಲಿಸಿ. ಕೈಯಲ್ಲಿ ಕೊರೆದಿದ್ದರೆ ಎರಡೂ ಒಂದೇ ಥರ ಇರುವುದಿಲ್ಲ. ಒಂದರ ತುದಿ ಚೂಪು, ಇನ್ನೊಂದರದ್ದು ಸ್ವಲ್ಪ ಮೊಂಡು. ಬಳ್ಳಿ ಸುರುಳಿ ಸುತ್ತುವ ಕಡೆ ತಂತಿ ಮುಗಿದು ಇನ್ನೊಂದು ತಂತಿ ಶುರುವಾಗುವ ಸಂದು ಕಾಣಬೇಕು. ಅಲ್ಲಲ್ಲಿ ಉಳಿ ಗೆರೆ ದಾಟಿ ಜಾರಿದ ಗುರುತೂ ಇರಬಹುದು. ಬೆಳ್ಳಿ ಉದುರಿದ ಜಾಗ ಸಿಕ್ಕರೆ ಇನ್ನೂ ಒಳ್ಳೆಯದು. ಖಾಲಿ ತೋಡಿನ ಒಳಗೆ ಉಳಿ ಹೆಜ್ಜೆ ಹೆಜ್ಜೆಯಾಗಿ ಕಿತ್ತ ಗುರುತು ಕಾಣುತ್ತದೆ. ಬೆಳ್ಳಿ ಕಿತ್ತುಹೋದ ಕಡೆ ಕೆಳಗೆ ತೋಡೇ ಇಲ್ಲ, ನುಣ್ಣಗೆ ಇದೆ ಅಂದರೆ ಅದು ಬರೀ ಮೇಲ್ಲೇಪ.

ಕೂರಿಸುವ ಬಗೆಗಳ ಹೆಸರು ಕಲಿತರೆ ಹರಾಜಿನ ಪಟ್ಟಿ ಓದುವುದಕ್ಕೆ ಸುಲಭ. ತಂತಿ ಕೆಲಸ ತಾರಕಶಿ. ತಗಡನ್ನು ಕತ್ತರಿಸಿ ಆಳವಾಗಿ ಕೂರಿಸಿದ್ದು ತೆಹ್ನಿಶಾನ್. ಮೈಯಿಂದ ಉಬ್ಬಿ ನಿಂತ ಬೆಳ್ಳಿ ಜರ್‌ಬುಲಂದ್, ಇದು ಲಖನೌ ಕಡೆಯ ಕೆಲಸದಲ್ಲಿ ಜಾಸ್ತಿ. ಅವಧ್ ನವಾಬರ ಲಾಂಛನವಾದ ಮೀನು ಕಂಡರೂ ಲಖನೌ ಅಂತ ಅನುಮಾನಿಸಬಹುದು. ಅಫ್ತಾಬಿಯಲ್ಲಿ ಬೆಳ್ಳಿ ತಗಡೇ ಹಿನ್ನೆಲೆ, ಚಿತ್ರ ಕಪ್ಪಿನಲ್ಲಿ ಕಾಣುತ್ತದೆ. ಬಿದರಿ ಅಂದರೆ ಬೀದರ್‌ನಲ್ಲೇ ಮಾಡಿದ್ದು ಅಂತ ಅಂದುಕೊಳ್ಳಬೇಡಿ. ಹೈದರಾಬಾದ್, ಲಖನೌ, ಬಿಹಾರದ ಪೂರ್ಣಿಯಾ, ಮುರ್ಷಿದಾಬಾದ್‌ಗಳಲ್ಲೂ ಮಾಡುತ್ತಿದ್ದರು.

ಆಕಾರದ ವಿಷಯಕ್ಕೆ ಬಂದರೆ ಒಂದು ತಮಾಷೆ ಇದೆ. "ಪುರಾತನ ಹೂದಾನಿ" ಅಂತ ಮಾರುವ ಎಷ್ಟೋ ಬಿದರಿ ಪಾತ್ರೆಗಳು ಹೂವನ್ನೇ ಕಂಡಿರುವುದಿಲ್ಲ. ಅವು ಹುಕ್ಕಾದ ನೀರಿನ ಬುರುಡೆಗಳು! ಕೊಳವೆ ಕೂರಿಸುವ ಗಿಡ್ಡ ಕುತ್ತಿಗೆ, ಅದರ ಸುತ್ತ ಉಬ್ಬಿದ ಬಳೆ, ಕೆಳಗೆ ದಪ್ಪ ಹೊಟ್ಟೆ ಇದ್ದರೆ ಹುಕ್ಕಾ ಅಂತಲೇ ಹಿಡಿಯಿರಿ. ಈ ಬುರುಡೆಗಳಿಂದ ಕಾಲವನ್ನೂ ಅಂದಾಜು ಮಾಡಬಹುದು. ಗುಂಡಗಿದ್ದು, ಕೂರಲು ಬೇರೆ ಸಿಂಬಿಯಂಥ ಬಳೆ ಬೇಕಾಗುವಂಥವು ಮೊದಲಿನವು, 17ನೇ ಶತಮಾನದ ಮಾದರಿ. ತಳ ಚಪ್ಪಟೆಯಾಗಿ ಗಂಟೆಯ ಆಕಾರ ಬಂದದ್ದು 18ನೇ ಶತಮಾನದಲ್ಲಿ. ಮೇಜಿನ ಮೇಲಿಡುವ ಉದ್ದ ಕುತ್ತಿಗೆಯ ಹೂದಾನಿಗಳು ಹೆಚ್ಚಾಗಿ 19ನೇ ಶತಮಾನದಿಂದ ಈಚೆಯವು. 1851ರ ಲಂಡನ್ ಮಹಾಪ್ರದರ್ಶನದಲ್ಲಿ ಬಿದರಿ ವಸ್ತುಗಳಿದ್ದವು. ಯುರೋಪಿನ ಗಿರಾಕಿಗಳ ಮನೆಗೆ ಹೊಂದುವ ಆಕಾರಗಳು ಆ ಕಾಲದಲ್ಲಿ ಬೆಳೆದವು. ಆದ್ದರಿಂದ "ಬಹಮನಿ ಕಾಲದ ಹೂದಾನಿ", ಅಂದರೆ 14ರಿಂದ 16ನೇ ಶತಮಾನದ್ದು, ಅಂತ ಯಾರಾದರೂ ಹೇಳಿದರೆ ನಕ್ಕು ಮುಂದೆ ಹೋಗಿ.

ತಳ ತಿರುಗಿಸಿ ನೋಡದೆ ದುಡ್ಡು ಕೊಡಬೇಡಿ. ಬಿದರಿಯಲ್ಲಿ ಮಾಡಿದವರ ಮುದ್ರೆ ಇರುವುದು ಅಪರೂಪ, ಹಾಗಾಗಿ ಚೀನೀ ಪಿಂಗಾಣಿಯಂತೆ ಮುದ್ರೆ ಓದಿ ಕಾಲ ಹೇಳುವ ದಾರಿ ಇಲ್ಲಿಲ್ಲ. ಸವೆತವನ್ನೇ ಓದಬೇಕು. ನಿಜವಾದ ಸವೆತ ನೆಲಕ್ಕೆ ತಾಗುವ ಅಂಚಿನಲ್ಲಿ, ಕೈ ಹಿಡಿಯುವ ಕಡೆ, ಹೊಟ್ಟೆಯ ಉಬ್ಬಿನಲ್ಲಿ ಇರುತ್ತದೆ. ಸಂದಿಗೊಂದಿಯೂ ಸೇರಿ ಎಲ್ಲ ಕಡೆ ಒಂದೇ ಸಮ ಗೀರು ಬಿದ್ದಿದ್ದರೆ ಅದು ಬೇಕಂತಲೇ ಉಜ್ಜಿದ್ದು. ತಳದ ನಡುವೆ ರಂಧ್ರ ಇದ್ದರೆ ಯಾರೋ ಒಂದು ಕಾಲದಲ್ಲಿ ಅದನ್ನು ಟೇಬಲ್ ಲ್ಯಾಂಪ್ ಮಾಡಿ ವೈರ್ ಎಳೆದಿದ್ದಾರೆ ಅಂತ. ಬೆಲೆ ಗಣನೀಯವಾಗಿ ಇಳಿಯಬೇಕು, ಚೌಕಾಸಿ ಮಾಡಿ.

ಮನೆಗೆ ತಂದ ಮೇಲೆ ಹುಣಸೆಹಣ್ಣು, ನಿಂಬೆಹುಳಿ ಹತ್ತಿರ ಸುಳಿಯಬಾರದು. ಹಿತ್ತಾಳೆ ಬೆಳಗುವ ಅಭ್ಯಾಸ ಇಲ್ಲಿ ನಡೆಯುವುದಿಲ್ಲ, ಹುಳಿ ಸತುವನ್ನೇ ತಿನ್ನುತ್ತದೆ. ಪಾಲಿಶ್ ಹಾಕಿ ತಿಕ್ಕಿದರೆ ಬೆಳ್ಳಿಯ ಜೊತೆ ಕಪ್ಪೂ ಹೋಗುತ್ತದೆ. ಮೆತ್ತನೆ ಒಣ ಬಟ್ಟೆ ಸಾಕು. ಹೂದಾನಿ ಅಂತ ನೀರು ತುಂಬಿಸಬೇಡಿ. ತೇವ ಇದ್ದರೆ ಸತುವಿನ ಮೇಲೆ ಬಿಳಿ ಪುಡಿ ಏಳುತ್ತದೆ, ಅದು ಉಬ್ಬಿ ಬೆಳ್ಳಿಯನ್ನು ತೋಡಿನಿಂದ ಎಬ್ಬಿಸುತ್ತದೆ.

ಕಣ್ಣು ಪಳಗಿಸಿಕೊಳ್ಳಲು ಹೈದರಾಬಾದ್‌ನ ಸಾಲಾರ್ ಜಂಗ್ ಮ್ಯೂಸಿಯಂಗೆ ಹೋಗಿ. ಹೊಸ ಕೆಲಸ ಹೇಗಿರುತ್ತದೆ ಅಂತಲೂ ಬೀದರ್‌ನಲ್ಲಿ ಕುಶಲಕರ್ಮಿಗಳ ಹತ್ತಿರ ಕೂತು ನೋಡಿ. 2023ರಲ್ಲಿ ಪದ್ಮಶ್ರೀ ಪಡೆದ ಶಾ ರಶೀದ್ ಅಹ್ಮದ್ ಖಾದ್ರಿ ಅಲ್ಲಿಯವರೇ. ಚೆನ್ನಾಗಿ ಮಾಡಿದ ಹೊಸದು, ಕಳಪೆ ಹಳೆಯದಕ್ಕಿಂತ ಮೇಲು ಅನ್ನುವುದು ನನ್ನ ಲೆಕ್ಕ.

ವಿದೇಶದಲ್ಲಿರುವ ನಮ್ಮವರಿಗೆ ಒಂದು ಮಾತು. 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ 100 ವರ್ಷ ದಾಟಿದ ಇಂಥ ಕಲಾವಸ್ತುವನ್ನು ಖಾಸಗಿಯವರು ದೇಶದಿಂದ ಹೊರಗೆ ಸಾಗಿಸುವಂತಿಲ್ಲ. ಅಜ್ಜಿ ಕೊಟ್ಟದ್ದು ಅಂದರೂ ನಡೆಯದು. ಅಷ್ಟು ಹಳೆಯದಲ್ಲ ಅನ್ನಿಸಿದರೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಗೆ ತೋರಿಸಿ, ಪುರಾತನ ವಸ್ತು ಅಲ್ಲ ಅನ್ನುವ ಪ್ರಮಾಣಪತ್ರ ಪಡೆದುಕೊಂಡು, ಆಮೇಲೆ ಸೂಟ್‌ಕೇಸಿಗೆ ಹಾಕಿ.