ಡೂಲಾ ಬಂದರೆ ಸಾವು ಬೇಗ ಬರುತ್ತದಾ?

ಪ್ರಶ್ನೆ: ಅಪ್ಪನ ಕಾಯಿಲೆ ವಾಸಿಯಾಗುವುದಿಲ್ಲ ಎಂದು ಡಾಕ್ಟರ್ ಹೇಳಿದ್ದಾರೆ. ಕೊನೆಗಾಲದ ಡೂಲಾ, ಅಂದರೆ ಸಾವಿನ ಹೊತ್ತಲ್ಲಿ ರೋಗಿಗೂ ಮನೆಯವರಿಗೂ ಜೊತೆಯಾಗಿ ಇರುವವರು, ಅಂಥ ಒಬ್ಬರನ್ನು ಕರೆಸೋಣ ಅಂದರೆ, ಅವರು ಬಂದ್ರೆ ಸಾವು ಬೇಗ ಬರುತ್ತೆ ಅಂತ ಮನೆಯವರು ತಡೆಯುತ್ತಿದ್ದಾರೆ. ನಿಜವೇ?

ಉತ್ತರ: ಅಲ್ಲ. ಇದಕ್ಕೆ ಎಷ್ಟು ಸಲ ಉತ್ತರ ಬರೆದೆನೋ, ಲೆಕ್ಕ ಬಿಟ್ಟಿದ್ದೇನೆ. ಇರಲಿ, ಇನ್ನೊಂದು ಸಲ.

ಸೂಲಗಿತ್ತಿ ಬಂದಳು ಅಂತ ಯಾರಿಗಾದರೂ ಹೆರಿಗೆ ನೋವು ಶುರುವಾಗುತ್ತದಾ? ನೋವು ಬಂತು, ಅದಕ್ಕೆ ಅವಳು ಬಂದಳು. ಇಲ್ಲೂ ಅಷ್ಟೇ. ಎಷ್ಟೋ ಮನೆಗಳಲ್ಲಿ ಡೂಲಾರನ್ನು ಕರೆಯುವುದೇ ಇನ್ನೇನು ನಾಲ್ಕು ದಿನ ಅನ್ನುವಾಗ. ಮೂರನೇ ದಿನ ಉಸಿರು ನಿಂತರೆ, "ನೋಡಿದ್ರಾ, ಇವರು ಬಂದ್ರು, ಅವರು ಹೋದ್ರು" ಅನ್ನುತ್ತಾರೆ. ಕೊಡೆ ಬಿಚ್ಚಿದ್ದಕ್ಕೇ ಮಳೆ ಬಂತು ಅಂದ ಹಾಗಾಯಿತು.

ಅಷ್ಟಕ್ಕೂ ಡೂಲಾ ಕೈಯಲ್ಲಿ ಏನಿರುತ್ತದೆ? ಒಣಗಿದ ತುಟಿ ಒರೆಸಲು ಒಂದು ಒದ್ದೆ ಬಟ್ಟೆ. ಇಂಜೆಕ್ಷನ್ ಇಲ್ಲ, ಮಾತ್ರೆ ಇಲ್ಲ. ನೋವು ತಗ್ಗಿಸುವ ಮಾರ್ಫಿನ್ ಎಷ್ಟು ಕೊಡಬೇಕು ಅನ್ನುವುದು ಡಾಕ್ಟರ್ ಕೆಲಸ. ಆ ಬಗ್ಗೆ ಕೇಳಿದರೆ ಒಳ್ಳೆಯ ಡೂಲಾ ನಿಮ್ಮನ್ನು ಡಾಕ್ಟರ್ ಹತ್ತಿರವೇ ಕಳಿಸುತ್ತಾರೆ.

"ಊಟ ಬಲವಂತ ಮಾಡಬೇಡಿ ಅಂತಾರಲ್ಲ?" ಹೌದು, ಅನುಮಾನ ಹುಟ್ಟುವುದೇ ಇಲ್ಲಿ. ಕೊನೆ ಹತ್ತಿರವಾದಾಗ ದೇಹಕ್ಕೆ ಹಸಿವು ತಾನಾಗಿಯೇ ಹೋಗುತ್ತದೆ, ನುಂಗುವ ಶಕ್ತಿಯೂ ಕುಂದುತ್ತದೆ. ಬಾಯಿಗೆ ತುರುಕಿದ ತುತ್ತು ಶ್ವಾಸಕೋಶಕ್ಕೆ ಹೋಗಬಹುದು. ಊಟ ಬಿಟ್ಟಿದ್ದಕ್ಕೆ ಸಾಯುತ್ತಿರುವುದಲ್ಲ, ಸಾಯುತ್ತಿರುವುದಕ್ಕೆ ಊಟ ಬಿಟ್ಟಿರುವುದು. ಇದನ್ನು ಒಪ್ಪುವುದು ಕಷ್ಟ. ಬಡಿಸುವುದೇ ಪ್ರೀತಿ ಅಂದುಕೊಂಡವರಿಗಂತೂ ಇನ್ನೂ ಕಷ್ಟ.

ಅಂಕಿ ಬೇಕಾ? 2010ರಲ್ಲಿ ಬಾಸ್ಟನ್‌ನ ಅಧ್ಯಯನವೊಂದು ಪ್ರಕಟವಾಯಿತು. ಉಲ್ಬಣಿಸಿದ ಶ್ವಾಸಕೋಶದ ಕ್ಯಾನ್ಸರ್ ಇದ್ದ 151 ಜನ ಅದರಲ್ಲಿದ್ದರು. ಮಾಮೂಲಿ ಚಿಕಿತ್ಸೆಯ ಜೊತೆಗೆ ಮೊದಲಿನಿಂದಲೇ ಉಪಶಾಮಕ ಆರೈಕೆಯೂ (ನೋವು, ಸಂಕಟ ತಗ್ಗಿಸುವ ಆರೈಕೆ) ಸಿಕ್ಕವರು ಸುಮಾರು 11.6 ತಿಂಗಳು ಬದುಕಿದರು, ಉಳಿದವರು 8.9 ತಿಂಗಳು. ಅದು ಡೂಲಾಗಳ ಅಧ್ಯಯನವಲ್ಲ, ಗೊತ್ತು. ಆದರೆ ನೆಮ್ಮದಿ ಕೊಟ್ಟರೆ ಆಯಸ್ಸು ಕಡಿಮೆಯಾಗುತ್ತದೆ ಅನ್ನುವವರು ಅದನ್ನೊಮ್ಮೆ ನೋಡಲಿ.

ಹಾಗಾದರೆ ಡೂಲಾ ಮಾಡುವುದೇನು? ಜಾಸ್ತಿ ಹೊತ್ತು ಕೇಳಿಸಿಕೊಳ್ಳುತ್ತಾರೆ. ಮೊಮ್ಮಗಳಿಗೊಂದು ಪತ್ರ ಬರೆಸುತ್ತಾರೆ. ಕೊನೆಯಲ್ಲಿ ಯಾರು ಹತ್ತಿರ ಇರಬೇಕು, ಯಾರು ಬೇಡ ಅಂತ ಕೇಳಿಟ್ಟುಕೊಳ್ಳುತ್ತಾರೆ. ಉಸಿರು ನಿಂತು ನಿಂತು ಬರತೊಡಗಿದಾಗ ಮನೆಯವರು ಗಾಬರಿಯಾಗದಂತೆ ಮೊದಲೇ ವಿವರಿಸಿರುತ್ತಾರೆ. ರಾತ್ರಿ ತಾವು ಕೂತು ಮಗಳನ್ನು ಎರಡು ಗಂಟೆ ಮಲಗಿಸುತ್ತಾರೆ. ಗ್ರೀಕ್‌ನಲ್ಲಿ ಡೂಲಾ ಎಂಬ ಪದಕ್ಕೆ ಸೇವಕಿ ಎಂದರ್ಥ. ಮೊದಲು ಇದು ಹೆರಿಗೆಯ ಜೊತೆಗಾತಿಗೆ ಬಂದ ಹೆಸರು. 2003ರಲ್ಲಿ ನ್ಯೂಯಾರ್ಕ್‌ನ ಹಾಸ್ಪಿಸ್ (ಕೊನೆಗಾಲದ ರೋಗಿಗಳ ಆರೈಕೆ ಸಂಸ್ಥೆ) ಒಂದರಲ್ಲಿ ಸಮಾಜ ಕಾರ್ಯಕರ್ತ ಹೆನ್ರಿ ಫೆರ್ಸ್ಕೊ-ವೈಸ್ ಅದೇ ಮಾದರಿಯನ್ನು ಸಾವಿನ ಹಾಸಿಗೆಯ ಪಕ್ಕಕ್ಕೆ ತಂದರು. ಬಹುತೇಕ ಕಡೆ ಈ ಕೆಲಸಕ್ಕೆ ಸರ್ಕಾರಿ ಲೈಸೆನ್ಸ್ ಇಲ್ಲ. ಎಲ್ಲಿ ಕಲಿತಿರಿ, ಎಷ್ಟು ಜನರ ಜೊತೆ ಕೂತಿದ್ದೀರಿ ಅಂತ ಸಂಕೋಚವಿಲ್ಲದೆ ಕೇಳಿ.

ನೀವು ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ. ಕಣ್ಣು ಮುಚ್ಚಿ ಮಲಗಿದವರಿಗೆ ಕೇಳಿಸುತ್ತದಾ? ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದವರು ಹಾಸ್ಪಿಸ್ ರೋಗಿಗಳ ಮಿದುಳಿನ ಅಲೆಗಳನ್ನು ಅಳೆದು 2020ರಲ್ಲಿ ಫಲಿತಾಂಶ ಪ್ರಕಟಿಸಿದರು. ಕರೆದರೂ ಓಗೊಡದ ಸ್ಥಿತಿಯಲ್ಲಿದ್ದ ಕೆಲವರ ಮಿದುಳು ಶಬ್ದಕ್ಕೆ ಸ್ಪಂದಿಸುತ್ತಿತ್ತು. ಮಾತು ಅರ್ಥವಾಯಿತೋ ಇಲ್ಲವೋ, ಅದು ಬೇರೆ ಪ್ರಶ್ನೆ. ಡೂಲಾಗಳಂತೂ ಹೆಸರು ಹಿಡಿದು ಮಾತಾಡಿಸಿ ಅನ್ನುತ್ತಾರೆ. ಆಸ್ತಿ ಜಗಳ ಇದ್ದರೆ ದಯವಿಟ್ಟು ಹೊರಗೆ ಹೋಗಿ ಆಡಿ.