ಇನ್‌ಸ್ಟಾಲ್ ಅಂದರೆ ಕೂರಿಸುವುದು

“ಅಣ್ಣಾ, ಗಿಟ್ ಎಲ್‌ಎಫ್‌ಎಸ್ ಹಾಕಿದೀನಿ. ಆದ್ರೂ ಫೋಟೋ ಓಪನ್ ಆಗ್ತಿಲ್ಲ.” ಈ ಮಳೆಗಾಲದಲ್ಲಿ ತೀರ್ಥಹಳ್ಳಿ ಕಡೆಯಿಂದ ಬಂದ ಇಂಥ ಮೂರನೇ ಫೋನು. ಗಿಟ್ ಅಂದರೆ ಪ್ರಾಜೆಕ್ಟಿನ ಫೈಲುಗಳಲ್ಲಿ ಆದ ಬದಲಾವಣೆಯ ಲೆಕ್ಕ ಇಡುವ ಸಾಫ್ಟ್‌ವೇರ್, ಎಲ್‌ಎಫ್‌ಎಸ್ ಅದಕ್ಕೆ ಜೋಡಿಸಿಕೊಳ್ಳುವ ಆ್ಯಡ್-ಆನ್. ಎಡವಟ್ಟು ‘ಹಾಕು’ ಅನ್ನೋ ಮಾತಿನದ್ದು. ಡೌನ್‌ಲೋಡ್ ಮಾಡಿಟ್ಟರೂ ಹಾಕಿದ್ದೇ, ಪೆನ್‌ಡ್ರೈವಿನಿಂದ ಕಾಪಿ ಮಾಡಿದರೂ ಹಾಕಿದ್ದೇ, ಇನ್‌ಸ್ಟಾಲ್ ಮಾಡಿದರೂ ಹಾಕಿದ್ದೇ! ಮೂರೂ ಬೇರೆ ಬೇರೆ ಕೆಲಸ, ಅಲ್ವಾ?

ಇನ್‌ಸ್ಟಾಲ್ ಪದದ ಹೊಟ್ಟೆಯೊಳಗೇ ಅದರ ಅರ್ಥ ಇದೆ. ‘ಸ್ಟಾಲ್’ ಅಂದರೆ ನಿಲ್ಲುವ, ಕೂರುವ ಜಾಗ. ಇಂಗ್ಲಿಷಿನಲ್ಲಿ ಕೊಟ್ಟಿಗೆಯಲ್ಲಿ ದನ ನಿಲ್ಲುವ ಜಾಗಕ್ಕೂ ಅದೇ ಮಾತು, ಚರ್ಚಿನಲ್ಲಿ ಪಾದ್ರಿಗೆ ಮೀಸಲಾದ ಆಸನಕ್ಕೂ ಅದೇ. ಮಧ್ಯಕಾಲದ ಲ್ಯಾಟಿನ್ನಿನ ‘ಇನ್‌ಸ್ಟಾಲಾರೆ’ ಅಂದರೆ ಒಬ್ಬರನ್ನು ಅಧಿಕಾರದ ಆಸನದಲ್ಲಿ ಕೂರಿಸುವುದು. ನಮ್ಮಲ್ಲಿ ಪಟ್ಟಕ್ಕೆ ಕೂರಿಸುತ್ತಾರಲ್ಲ, ಹಾಗೆ. ಗಣಪತಿಯನ್ನು ಪೇಟೆಯಿಂದ ತಂದು ಜಗಲಿಯಲ್ಲಿ ಇಟ್ಟರೆ ಹಬ್ಬ ಶುರುವಾಗಲ್ಲ. ಶಿವಮೊಗ್ಗದ ಯಾವ ಬೀದಿಯಲ್ಲೂ ‘ಗಣಪತಿ ಹಾಕಿದ್ರಾ?’ ಅಂತ ಯಾರೂ ಕೇಳಲ್ಲ. ‘ಕೂರಿಸಿದ್ರಾ?’ ಅಂತಲೇ ಕೇಳುತ್ತಾರೆ. ‘ಅನುಸ್ಥಾಪನೆ’ ಅನ್ನೋ ಭಾರದ ಪದಕ್ಕಿಂತ ಈ ‘ಕೂರಿಸು’ ನನಗೆ ಎಷ್ಟೋ ಮೇಲು.

ಗಿಟ್‌ನ ಆ್ಯಡ್-ಆನ್‌ಗಳ ವಿಷಯದಲ್ಲಿ ಈ ಅರ್ಥ ಮರೆತರೆ ಕೆಲಸ ಕೆಡುತ್ತದೆ. ಎಲ್‌ಎಫ್‌ಎಸ್ ದೊಡ್ಡ ಫೈಲುಗಳಿಗೆ ಅಂತ ಇರುವ ಆ್ಯಡ್-ಆನ್. ಅದನ್ನು ಎರಡು ಸಲ ಕೂರಿಸಬೇಕು. ಮೊದಲು ಕಂಪ್ಯೂಟರಿನಲ್ಲಿ. ‘ಗಿಟ್ ಎಲ್‌ಎಫ್‌ಎಸ್’ ಅಂತ ಟೈಪ್ ಮಾಡಿದಾಗ ಗಿಟ್ ಆ ಹೆಸರಿನ ಪ್ರೋಗ್ರಾಮನ್ನು ‘ಪಾತ್’ ಪಟ್ಟಿಯ ಫೋಲ್ಡರುಗಳಲ್ಲಿ ಹುಡುಕುತ್ತದೆ. ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಸುಮ್ನೆ ಬಿದ್ದಿದ್ದರೆ ‘ಇದು ಗಿಟ್ ಕಮಾಂಡ್ ಅಲ್ಲ’ ಅನ್ನುತ್ತದೆ. ಮೊದಲೇ ತೆರೆದಿಟ್ಟ ಟರ್ಮಿನಲ್ಲಿಗೆ (ಕಮಾಂಡ್ ಟೈಪ್ ಮಾಡುವ ಕಿಟಕಿಗೆ) ಹೊಸ ಪಾತ್ ಗೊತ್ತಿರುವುದಿಲ್ಲ, ಮುಚ್ಚಿ ತೆರೆಯಿರಿ.

ಎರಡನೆಯದು ಗಿಟ್ ಒಳಗೆ ಕೂರಿಸುವುದು. ‘ಗಿಟ್ ಎಲ್‌ಎಫ್‌ಎಸ್ ಇನ್‌ಸ್ಟಾಲ್’ ಅನ್ನುವ ಕಮಾಂಡ್ ಇರುವುದೇ ಇದಕ್ಕೆ. ಇದು ಹೊಸದಾಗಿ ಏನನ್ನೂ ಇಳಿಸಿಕೊಳ್ಳಲ್ಲ. ಗಿಟ್‌ನ ಸೆಟ್ಟಿಂಗ್ ಬರೆದಿಡುವ ನಿಮ್ಮ ಕಾನ್ಫಿಗ್ ಫೈಲಿನಲ್ಲಿ ‘ಇಂಥ ಫೈಲು ಬಂದರೆ ಎಲ್‌ಎಫ್‌ಎಸ್ ಕೈಗೆ ಕೊಡು’ ಅಂತ ನಾಲ್ಕು ಸಾಲು ಬರೆಯುತ್ತದೆ. ಕಂಪ್ಯೂಟರಿನಲ್ಲಿ ನಿಮ್ಮ ಅಕೌಂಟಿಗೆ ಒಂದು ಸಲ ಕೊಟ್ಟರೆ ಸಾಕು. ‘ಆಗಲೇ ಹಾಕಿದೀನಲ್ಲ, ಮತ್ತೆ ಯಾಕೆ ಇನ್‌ಸ್ಟಾಲು’ ಅಂತ ಬಿಟ್ಟುಬಿಡುವುದು ಇದನ್ನೇ.

ವಿಂಡೋಸಿನಲ್ಲಿ ಗಿಟ್ ಕೆಲಸವನ್ನು ಮೌಸಿನಿಂದಲೇ ಮಾಡಿಸುವ ಟಾರ್ಟಾಯ್ಸ್‌ಗಿಟ್‌ದೂ ಇದೇ ಕಥೆ. ಅದು ಮೌಸಿನ ಬಲಗುಂಡಿಯ ಮೆನುವಿನಲ್ಲಿ ಕೂರುತ್ತದೆ. ಗಿಟ್ ಬೇರೆಯಾಗಿಯೇ ಬೇಕು.

ತೀರ್ಥಹಳ್ಳಿಯ ಹುಡುಗನದು ಅಡಿಕೆಯ ಎಲೆಚುಕ್ಕಿ ರೋಗ ಗುರುತಿಸುವ ಪ್ರಾಜೆಕ್ಟು. ತೆರೆಯದ ಒಂದು ಫೋಟೋವನ್ನು ನೋಟ್‌ಪ್ಯಾಡಿನಲ್ಲಿ ತೆರೆಯಲು ಹೇಳಿದೆ. ಮೂರೇ ಸಾಲು: ವರ್ಷನ್, ಒಂದು ಉದ್ದದ ಗುರುತು, ಸೈಜು. ಎಲ್ಲ ಸೇರಿ 130 ಬೈಟಿನ ಆಸುಪಾಸು. ಅದು ಫೋಟೋ ಅಲ್ಲ, ಫೋಟೋದ ವಿಳಾಸದ ಚೀಟಿ. ಆ ಇನ್‌ಸ್ಟಾಲ್ ಕಮಾಂಡ್ ಕೊಡಿಸಿದೆ, ಆಮೇಲೆ ನಿಜವಾದ ಫೋಟೋಗಳನ್ನು ಇಳಿಸಿಕೊಳ್ಳುವ ‘ಗಿಟ್ ಎಲ್‌ಎಫ್‌ಎಸ್ ಪುಲ್’. ನಡುವೆ ಒಂದು ಸಲ ಕರೆಂಟು ಹೋಗಿ ಬಂತು. “ಅಣ್ಣಾ, ಬಂತು! ಸೋಗೆ ಮೇಲಿನ ಕಂದು ಚುಕ್ಕೀನೂ ಕಾಣ್ತಿದೆ” ಅಂದ.