ಪ್ರೀತಿಯ ಅಧ್ಯಾಯ: ಹಿಂದು ಮುಂದು ನೋಡಿ ಓದೋಣ

ದಾವಣಗೆರೆಯ ನಮ್ಮ ಬೈಬಲ್ ಓದಿನ ಗುಂಪಿಗೆ ಈ ಟಿಪ್ಪಣಿ. ಈ ವಾರದ ಪಾಠ, ಯೇಸುವಿನ ಅಪೊಸ್ತಲನಾದ ಪೌಲ ಗ್ರೀಸಿನ ಕೊರಿಂಥ ಪಟ್ಟಣದ ಕ್ರೈಸ್ತರಿಗೆ ಬರೆದ ಮೊದಲ ಪತ್ರದ 13ನೇ ಅಧ್ಯಾಯ.

ಮದುವೆಗಳಲ್ಲಿ ಇದನ್ನು ಎಷ್ಟು ಸಲ ಕೇಳಿದ್ದೇವೆ, ಅಲ್ವಾ? ಕೇಳಿ ಕೇಳಿ ಇದು ಗಂಡ ಹೆಂಡತಿಗೆ ಹೇಳಿದ ಮಾತು ಅನ್ನಿಸಿಬಿಟ್ಟಿದೆ. ಆದರೆ ಪೌಲ ಇದನ್ನು ಎಫೆಸದಿಂದ, ಕ್ರಿ.ಶ. 50ರ ದಶಕದಲ್ಲಿ, ಒಡಕು ಬಿದ್ದಿದ್ದ ಒಂದು ಸಭೆಗೆ ಬರೆದ. ಅಲ್ಲಿ ಕೆಲವರು ಪೌಲನ ಕಡೆ, ಕೆಲವರು ಅಪೊಲ್ಲೋಸ ಎಂಬ ಇನ್ನೊಬ್ಬ ಬೋಧಕನ ಕಡೆ. 6ನೇ ಅಧ್ಯಾಯದಲ್ಲಿ ಒಬ್ಬರ ಮೇಲೊಬ್ಬರು ನ್ಯಾಯಾಲಯಕ್ಕೂ ಹೋಗಿದ್ದಾರೆ.

11ನೇ ಅಧ್ಯಾಯವನ್ನಂತೂ ನಿಧಾನವಾಗಿ ಓದಿ. ಪ್ರಭುವಿನ ಭೋಜನಕ್ಕೆ ಸೇರಿದವರಲ್ಲಿ ಕೆಲವರು ಮೊದಲೇ ಉಂಡು ಕುಡಿದು ಮತ್ತರಾಗುತ್ತಿದ್ದರು. ಇಲ್ಲದವರು ಹಸಿದೇ ಇರುತ್ತಿದ್ದರು. ನಮ್ಮ ಎಪಿಎಂಸಿಯಲ್ಲಿ ಮೂಟೆ ಹೊತ್ತು ಸಂಜೆ ತಡವಾಗಿ ಬಂದ ಹಮಾಲಿಯನ್ನು ನೆನೆಯಿರಿ. ಅವನು ಬರುವಷ್ಟರಲ್ಲಿ ಮೊದಲ ಪಂಕ್ತಿ ಎದ್ದಿದೆ, ಪಾತ್ರೆ ಖಾಲಿ. ಅದೂ ಯೇಸುವಿನ ಹೆಸರಿನ ಊಟದಲ್ಲಿ! ಪೌಲ ಅವರಿಗೆ ಹೇಳಿದ್ದು ಸರಳ: ಒಬ್ಬರಿಗೊಬ್ಬರು ಕಾಯಿರಿ.

ಈಗ 13ರ 4ರಿಂದ 7ನೇ ವಚನಕ್ಕೆ ಬನ್ನಿ. ಪ್ರೀತಿ ಹೊಟ್ಟೆಕಿಚ್ಚು ಪಡುವುದಿಲ್ಲ, ಕೊಚ್ಚಿಕೊಳ್ಳುವುದಿಲ್ಲ, ಸ್ವಾರ್ಥ ನೋಡುವುದಿಲ್ಲ. ಇಷ್ಟೊಂದು 'ಇಲ್ಲ' ಸುಮ್ನೆ ಬಂದಿಲ್ಲ. ಅವರು ಮಾಡುತ್ತಿದ್ದದ್ದನ್ನೇ ಪೌಲ ಒಂದೊಂದಾಗಿ ಮುಟ್ಟುತ್ತಿದ್ದಾನೆ. ಮೃದುವಾದ ಕವಿತೆಯಂತೆ ಕೇಳುವ ಈ ಸಾಲುಗಳಲ್ಲಿ ಗದರಿಕೆಯೂ ಇದೆ. ನನಗೆ ಇವು ಜಾಸ್ತಿ ಪ್ರಿಯವಾದದ್ದು ಇದು ತಿಳಿದ ಮೇಲೆಯೇ.

ಓದುವ ಕ್ರಮದ ಬಗ್ಗೆ ಒಂದು ಮಾತು. 12ನೇ ಶತಮಾನದ ಗೀಗೋ ಎಂಬ ಸನ್ಯಾಸಿ ನಾಲ್ಕು ಮೆಟ್ಟಿಲು ಹೇಳಿದ್ದಾನೆ: ಓದು, ಮನನ, ಪ್ರಾರ್ಥನೆ, ಕೊನೆಗೆ ದೇವರ ಮುಂದೆ ಮೌನದ ಧ್ಯಾನ. ನಾವು ಓದಿದ ಕೂಡಲೇ ಪ್ರಾರ್ಥನೆಗೆ ಹಾರುತ್ತೇವೆ. ಎರಡನೇ ಮೆಟ್ಟಿಲಲ್ಲಿ ಸ್ವಲ್ಪ ಕೂರಬೇಕು. ಈ ಮಾತು ಯಾರಿಗೆ ಹೇಳಿದ್ದು, ಯಾಕೆ ಹೇಳಬೇಕಾಯಿತು ಎಂದು ಕೇಳಿಕೊಳ್ಳಬೇಕು. ಹಾಗೆ ಕೇಳುವುದೂ ಭಕ್ತಿಯೇ ಎಂದು ನಾನು ನಂಬುತ್ತೇನೆ. ಪ್ರೀತಿಸುವವರ ಮಾತನ್ನು ಅರ್ಧ ಕೇಳಿ ಎದ್ದು ಹೋಗುತ್ತೇವಾ?

12ನೇ ವಚನದಲ್ಲಿ ಕನ್ನಡಿ ಬರುತ್ತದೆ. ಆಗಿನ ಕನ್ನಡಿ ಹೆಚ್ಚಾಗಿ ಉಜ್ಜಿ ಹೊಳಪಿಸಿದ ಲೋಹದ್ದು, ಮುಖ ಮಸುಕಾಗಿಯೇ ಕಾಣುತ್ತಿತ್ತು. ಈಗ ನನಗೆ ತಿಳಿದಿರುವುದು ಸ್ವಲ್ಪವೇ ಎಂದು ಪೌಲನೇ ಅಲ್ಲಿ ಒಪ್ಪುತ್ತಾನೆ. ಅರ್ಥದ ಬಗ್ಗೆ ನಮ್ಮಲ್ಲಿ ವಾದ ಎದ್ದಾಗ ಈ ವಚನ ಮುಂದಿರಲಿ.

ಮುಂದಿನ ವಾರಕ್ಕೆ 12, 13, 14 ಮೂರೂ ಅಧ್ಯಾಯಗಳನ್ನು ಒಂದೇ ಸಲ, ಗಟ್ಟಿಯಾಗಿ ಓದಿಕೊಂಡು ಬನ್ನಿ. ಯಾವ ಅನುವಾದವಾದರೂ ಸರಿ.